ನಾಕ್‌ಶಾನದ ಕುರಿಗಳು

ನಮ್ಮ ಜಿಲ್ಲೆಯ ಮ್ಯೂಸಿಯಮ್ಮಿನ ಚಿತ್ರಗಳ ಪಟ್ಟಿಯಲ್ಲಿ ನಾನೇ ಬರೆದ ಒಂದು ವಾಕ್ಯವಿತ್ತು: 'ದೂರದ ದಿಬ್ಬದ ಮೇಲೆ ಕುರಿಗಳು ಮೇಯುತ್ತಿವೆ.' ಹತ್ತೊಂಬತ್ತು ವರ್ಷ ಅದು ಅಚ್ಚಿನಲ್ಲಿತ್ತು. ಡಬ್ಲಿನ್ನಿನ ಪಂಡಿತರು ಅದನ್ನು ಓದಿ ತಲೆಯಾಡಿಸಿದರು, ಇಬ್ಬರು ತಮ್ಮ ಪುಸ್ತಕಗಳಿಗೆ ಹಾಗೇ ಎತ್ತಿಕೊಂಡರು. ಅದು ಶುದ್ಧ ತಪ್ಪು. ಈಗ ತಿದ್ದಿದ್ದೇನೆ. ಜೀವನದಲ್ಲಿ ಬೇಕಾದಷ್ಟು ತಪ್ಪು ಮಾಡಿದ್ದೇನೆ, ಆದರೆ ಈ ತಪ್ಪೊಂದನ್ನು ನೆನೆದಾಗ ಮಾತ್ರ ನಾಚಿಕೆಗಿಂತ ಹೆಚ್ಚಾಗಿ ಋಣದ ಭಾವ ಬರುತ್ತದೆ. ತಪ್ಪನ್ನು ಹಿಡಿದ ಹೆಂಗಸಿನ ಋಣ ಅದು.

ನನ್ನ ಹೆಸರು ಡಿಂಪ್ನಾ ಫೀರಿಕ್. ಹಳೆಯ ಚಿತ್ರಗಳ ಕೊಳೆ ತೆಗೆಯುವುದು, ಬಿರುಕು ಬಿಟ್ಟ ಬಣ್ಣವನ್ನು ಕೂರಿಸುವುದು, ಆ ಬಣ್ಣದ ಕೆಳಗೆ ಇನ್ನೇನಿದೆ ಎಂದು ಇಣುಕುವುದು ನನ್ನ ಕೆಲಸ. ಐರ್ಲೆಂಡಿನ ನಮ್ಮ ಮೇಯೋ ಸೀಮೆಯ ಚಿತ್ರಗಳಲ್ಲಿ ಇಣುಕುವವರಿಗೆ ಕೆಲಸಕ್ಕೆ ಬರವಿಲ್ಲ. ದೊಡ್ಡ ಮನೆಗಳ ದೊರೆಗಳು ಚಿತ್ರಕಾರರನ್ನು ಕರೆಸಿ ತಮ್ಮ ಜಮೀನಿನ ಚಿತ್ರ ಬರೆಸುತ್ತಿದ್ದರು. ಬೆಟ್ಟ ಬೇಕು, ಸರೋವರ ಬೇಕು, ಮೋಡವಂತೂ ಬೇಕೇ ಬೇಕು. ಆ ನೆಲವನ್ನು ಉಳುತ್ತಿದ್ದ ಜನ ಮಾತ್ರ ಬೇಡ. ಈ ಚಿತ್ರಗಳ ಮುಂದೆ ನಿಂತು 'ಆಹಾ, ಎಂಥಾ ಶಾಂತಿ' ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಊರಿಗೆ ಊರೇ ಒರೆಸಿದ ಮೇಲೆ ಶಾಂತಿಯಲ್ಲದೆ ಇನ್ನೇನಿರುತ್ತದೆ?

ಈ ಚಿತ್ರವೂ ಅಂಥದ್ದೇ. 'ನಾಕ್‌ಶಾನದಿಂದ ಸರೋವರದ ನೋಟ', 1838. ಆರ್ಥರ್ ಲಾಫ್ಟ್‌ಹೌಸ್ ಎಂಬ ಅಲೆಮಾರಿ ಇಂಗ್ಲಿಷ್ ಚಿತ್ರಕಾರ ಕ್ರಾಂಪ್ಟನ್ ದೊರೆಗಾಗಿ ಬರೆದದ್ದು. ಬಲಗಡೆ ದಟ್ಟವಾದ ಮರಗಳ ಗುಂಪು. ಬಣ್ಣದ ಒಳಪದರ ತೋರಿಸುವ ಕ್ಯಾಮೆರಾದಲ್ಲಿ ನೋಡಿದರೆ ಆ ಮರಗಳ ಕೆಳಗೆ ಹದಿನಾಲ್ಕು ಗುಡಿಸಲುಗಳಿದ್ದವು. ಮೂರು ಮನೆಗಳಲ್ಲಿ ಹೊಗೆ ಏಳುತ್ತಿತ್ತು, ಒಂದರ ಬಾಗಿಲಲ್ಲಿ ಯಾರೋ ನಿಂತಿದ್ದರು. ದೊರೆಗೆ ಬೇಡವಾದವರ ಮೇಲೆ ಹಸಿರು ಬಳಿದಿದ್ದರು. ಹತ್ತು ವರ್ಷದ ಮೇಲೆ, ಬರದ ಕಾಲದಲ್ಲಿ, ಆ ಮನೆಗಳ ಸೂರು ಕೀಳಿಸಿ ಜನರನ್ನು ನಿಜವಾಗಿಯೂ ಓಡಿಸಿದರು.

ಕಳೆದ ಅಕ್ಟೋಬರಿನಲ್ಲಿ ಇದನ್ನೆಲ್ಲ ಆ ಬೆಟ್ಟದ ಬುಡದ ಊರಾದ ನಾಕ್‌ಶಾನದವರಿಗೇ ಹೇಳೋಣವೆಂದು ಅವರ ಸಮುದಾಯ ಭವನಕ್ಕೆ ಹೋದೆ. ಚಿತ್ರದ ಫೋಟೋವನ್ನು ಬಾಗಿಲಷ್ಟು ದೊಡ್ಡದಾಗಿ ಮುದ್ರಿಸಿ ಗೋಡೆಗೆ ನಿಲ್ಲಿಸಿದ್ದೆ. ಮೂವತ್ತು ಮಂದಿ ಬಂದಿದ್ದರು. ಗುಡಿಸಲುಗಳ ವಿಷಯ ಬಂದಾಗ ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ನನ್ನ ಮಾತು ಚೆನ್ನಾಗಿ ಬಂತೆಂದು ಒಳಗೊಳಗೇ ಬೀಗುತ್ತಿದ್ದೆ. ಟೀ ಹೊತ್ತಿಗೆ ಒಬ್ಬ ಮುದುಕಿ ಕೋಲೂರಿಕೊಂಡು ಚಿತ್ರದ ಹತ್ತಿರ ಬಂದರು. ಹಾಕಿದ್ದ ಕನ್ನಡಕ ತೆಗೆದು, ಚೀಲದಿಂದ ಇನ್ನೊಂದನ್ನು ಹುಡುಕಿ ಹಾಕಿಕೊಂಡು, ಮೂಗು ತಾಗುವಷ್ಟು ಬಗ್ಗಿ ನೋಡಿದರು. ಅಟ್ರಾಕ್ಟಾ ಕಿಲ್ಬೇನ್, ಎಂಬತ್ತಾರು ವರ್ಷ, ಹುಟ್ಟಿದ್ದೂ ಮದುವೆಯಾದದ್ದೂ ಅದೇ ಬೆಟ್ಟದ ಬುಡದಲ್ಲಿ ಎಂದು ಪಕ್ಕದವರು ಹೇಳಿದರು.

"ಮಗಳೇ, ಇವು ಕುರಿ ಅಂತ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಮಿಸೆಸ್ ಕಿಲ್ಬೇನ್. ನಾನೇ ನೋಡಿ ಬರೆದದ್ದು."

"ಹಂಗಾದ್ರೆ ಕನ್ನಡಕ ಬದಲಾಯಿಸು."

ಭವನವೆಲ್ಲ ನಕ್ಕಿತು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

"ಕುರಿಗೆ ಕಾಲಿರುತ್ತೆ, ತಲೆ ಇರುತ್ತೆ. ಇವಕ್ಕೆ ಎಲ್ಲಿದೆ?"

"ದೂರದಿಂದ ಬರೆದದ್ದಲ್ವಾ, ಅದಕ್ಕೆ ಬರೀ ಬಿಳಿ ಚುಕ್ಕೆ..."

"ಅಷ್ಟೇ ದೂರದಲ್ಲಿರೋ ಆ ಹಸುಗೆ ಕೊಂಬು ಬರೆದಿದಾನಲ್ಲ ನಿನ್ನ ಆಸಾಮಿ! ಕುರಿಗೆ ಕಾಲು ಬರೆಯೋ ಹೊತ್ತಿಗೆ ಬಣ್ಣ ಮುಗಿದು ಹೋಯ್ತಾ? ಯಾವ ವರ್ಷ ಅಂದೆ ಇದು?"

"ಸಾವಿರದ ಎಂಟುನೂರ ಮೂವತ್ತೆಂಟು."

"ಆಗ ಇಲ್ಲಿ ಬಿಳೀ ಕುರಿ ಎಲ್ಲಿತ್ತು? ನಮ್ಮ ಜನಾನ ಓಡಿಸಿದ ಮೇಲಲ್ವಾ ಜಮೀನು ಗುತ್ತಿಗೆ ಹಿಡಿದ ಆ ಸ್ಕಾಟ್ಲೆಂಡಿನವನು ಕುರಿ ತಂದು ಬಿಟ್ಟಿದ್ದು? ಅದಕ್ಕೆ ಮುಂಚೆ ಇಲ್ಲೆಲ್ಲ ಆಲೂಗಡ್ಡೆ ಪಾತಿ. ಹುಲ್ಲೇ ಇಲ್ಲದ ಕಡೆ ಕುರಿ ಏನನ್ನ ಮೇಯುತ್ತೆ, ಮೋಡಾನಾ?"

ನನ್ನ ಕಿವಿ ಬಿಸಿಯಾಯಿತು. ಅವರ ಮಾತು ನಿಜವಾಗಿತ್ತು. ಕುರಿಗಳು ಬಂದ ವರ್ಷ ನನ್ನದೇ ಟಿಪ್ಪಣಿಯಲ್ಲಿತ್ತು, ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಐರಿಷ್ ಬೆಟ್ಟದ ಮೇಲೆ ಬಿಳಿ ಚುಕ್ಕೆ ಕಂಡರೆ ನಮ್ಮ ಕಣ್ಣು ಕೇಳದೇನೇ ಕುರಿ ಎಂದುಬಿಡುತ್ತದೆ.

"ಹಾಗಾದರೆ ಇವು ಏನು?" ಎಂದು ಕೇಳಿದೆ.

"ಟೀ ಆರಿಹೋಗ್ತಿದೆ," ಎಂದು ತಿರುಗಿ ಹೋದರು. ಅವರ ಕೈಯಲ್ಲಿ ಕಪ್ಪು ಸಾಸರು ಕಟಕಟ ಎನ್ನುತ್ತಿತ್ತು. ವಯಸ್ಸಾಯಿತಲ್ಲ, ಅದಕ್ಕೆ ಎಂದುಕೊಂಡೆ. ಅವತ್ತಿನ ನನ್ನ ಎರಡನೆಯ ತಪ್ಪು ಅದು.

ನಾಲ್ಕು ದಿನದ ಮೇಲೆ ಫೋನು ಬಂತು. "ಎಲ್ಲರೆದುರು ಬೈದೆ ಅಂತ ಸಿಟ್ಟಿದ್ರೆ ಮನೆಗೇ ಬಂದು ಜಗಳ ಆಡು. ಬ್ರೆಡ್ ಮಾಡಿದೀನಿ."

ಹೋದೆ. ಒಲೆಯ ಪಕ್ಕ ಕೂರಿಸಿ, ಬಿಸಿ ಸೋಡಾ ಬ್ರೆಡ್ಡಿಗೆ ಬೆರಳು ದಪ್ಪ ಬೆಣ್ಣೆ ಹಚ್ಚಿ ಕೊಟ್ಟರು. ನಾನು ಎರಡನೆಯ ತುಂಡು ತಿನ್ನುವವರೆಗೂ ಹವಾಮಾನದ ಮಾತೇ ಆಡಿದರು. ಆಮೇಲೆ ಇದ್ದಕ್ಕಿದ್ದಂತೆ ಹೇಳತೊಡಗಿದರು.

"ಅರವತ್ತೆರಡನೇ ಇಸವಿ. ಹೆಣ್ಣು ಮಗು. ಈ ಗೋಡೆ ಆಚೆ ರೂಮಲ್ಲಿ ಹುಟ್ಟಿತು, ಉಸಿರಾಡಲಿಲ್ಲ. ದೀಕ್ಷಾಸ್ನಾನ ಆಗದ ಮಗು ಅಲ್ವಾ, ಚರ್ಚಿನ ಮಣ್ಣಲ್ಲಿ ಜಾಗ ಇಲ್ಲ. ಅಂಥ ಮಕ್ಕಳಿಗೆ ಬೇರೆ ಜಾಗ, ಕಿಲ್ಲೀನ್ ಅಂತೀವಲ್ಲ. ಅದು ಎಲ್ಲಿ ಅಂತ ಹೂಳಕ್ಕೆ ಹೋದ ಗಂಡಸರಿಗೆ ಮಾತ್ರ ಗೊತ್ತು. ಮ್ಯಾಟಿ, ನಮ್ಮ ಯಜಮಾನ, ಅಡಿಗೆ ಮನೆ ಬೀರುವಿನ ಡ್ರಾಯರ್ ಕಿತ್ತು ಅದರಲ್ಲಿ ಅವಳನ್ನ ಇಟ್ಟುಕೊಂಡು ಹೋದ. ನಾನು ಮಂಚದಿಂದ ಏಳೋ ಹಂಗಿರಲಿಲ್ಲ. ಮುಖ ಕೂಡ ಸರಿಯಾಗಿ ನೋಡಲಿಲ್ಲ ಕಣಮ್ಮ."

"ಎಲ್ಲಿ ಅಂತ ನೀವು ಕೇಳಲಿಲ್ವಾ?"

"ಮೂರು ಸಲ ಕೇಳ್ದೆ. ಮೂರು ಸಲವೂ ಟೋಪಿ ಹಾಕ್ಕೊಂಡು ಹೊರಗೆ ಹೋದ. ಪಾದ್ರಿ, ಸೂಲಗಿತ್ತಿ, ನಮ್ಮಮ್ಮ, ಎಲ್ಲರೂ ಒಂದೇ ಮಾತು, ಮರೆತುಬಿಡು, ಇನ್ನೊಂದು ಹುಟ್ಟುತ್ತೆ ಅಂತ. ಮೂರು ಗಂಡು ಹುಟ್ಟಿದವು. ಮರೆಯಲಿಲ್ಲ. ನಲವತ್ಮೂರು ವರ್ಷ ಅವನೂ ನಾನೂ ಒಂದೇ ಮೇಜಲ್ಲಿ ಊಟ ಮಾಡಿದ್ವಿ, ಆ ಮಾತು ಮಾತ್ರ ಎತ್ತಲಿಲ್ಲ. ಅವನು ಸತ್ತು ಹದಿನೆಂಟು ವರ್ಷ ಆಯ್ತು. ಮಣ್ಣು ಮಾಡಿ ಬಂದೆನಲ್ಲ, ಅಷ್ಟೇ. ಅವತ್ತಿಂದ ಆ ಸಮಾಧಿ ಕಡೆ ತಲೆ ಹಾಕಿಲ್ಲ."

ಕೆಟಲ್ ಕುದಿಯಿತು. ಅವರು ಏಳಲಿಲ್ಲ, ನಾನೇ ಎದ್ದು ಇಳಿಸಿದೆ.

"ನಮ್ಮಜ್ಜಿ ಒಂದು ಸಲ ಬಾಯಿ ಜಾರಿ ಹೇಳಿದ್ದರು, ಆ ಮಕ್ಕಳ ಮೇಲೆ ಬಿಳೀ ಕಲ್ಲು ಇಡ್ತಾರೆ ಅಂತ. ಮೊನ್ನೆ ನಿನ್ನ ಚಿತ್ರ ನೋಡ್ದೆನಲ್ಲ..." ಎಂದು ನಿಲ್ಲಿಸಿದರು. "ನನಗೆ ಗೊತ್ತಾಗಬೇಕಿರೋದು ಒಂದೇ. ಅವಳನ್ನ ಬೇರೆ ಮಕ್ಕಳ ಜೊತೆ ಮಲಗಿಸಿದನಾ, ಇಲ್ಲಾ ಸತ್ತ ಕುರಿಮರಿ ಥರ ಯಾವುದೋ ಬೇಲಿ ಬುಡಕ್ಕೆ ಹಾಕಿ ಬಂದನಾ? ಇಷ್ಟು ಗೊತ್ತಾದ್ರೆ ಸಾಕು. ನೀನು ಓದಿದವಳು, ಬಣ್ಣದ ಕೆಳಗೆಲ್ಲ ನೋಡ್ತೀಯ. ಇದನ್ನೂ ನೋಡಮ್ಮ."

ಕಾರು ಓಡಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಬೈಯುತ್ತಾ ಬಂದೆ. ಪಾದ್ರಿಗಳನ್ನು, ಗಂಡಸರನ್ನು, ಎಲ್ಲಕ್ಕಿಂತ ಹೆಚ್ಚಾಗಿ ಆ ಮ್ಯಾಟಿ ಕಿಲ್ಬೇನನನ್ನು. ಒಂದು ಮಾತು ಹೇಳಲು ಆ ಮನುಷ್ಯನಿಗೆ ಏನು ಧಾಡಿಯಾಗಿತ್ತು?

ಮರುದಿನವೇ ಚಿತ್ರವನ್ನು ಇಳಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಮುದುಕಿ ಬರಿಗಣ್ಣಲ್ಲಿ ಕಂಡದ್ದನ್ನು ನಾನು ಯಂತ್ರ ಹಿಡಿದು ಕಂಡೆ. ಬಿಳಿ ಚುಕ್ಕೆಗಳಿಗೆ ಕಾಲಿಲ್ಲ, ಎಲ್ಲವೂ ನೆಲಕ್ಕೆ ಅಂಟಿಕೊಂಡಿವೆ, ಎರಡು ಮೂರು ಒಟ್ಟಾಗಿ ಸಣ್ಣ ಸಣ್ಣ ಗುಂಪುಗಳಾಗಿವೆ. ಸುತ್ತಲೂ ಉಂಗುರದ ಹಾಗೆ ಒಂದು ಮಣ್ಣಿನ ಏರಿ.

ಲಾಫ್ಟ್‌ಹೌಸನ ಪೆನ್ಸಿಲ್ ಚಿತ್ರಗಳ ಪುಸ್ತಕವೊಂದು ಡಬ್ಲಿನ್ನಿನ ಗ್ರಂಥಾಲಯದಲ್ಲಿದೆಯೆಂದು ಮೊದಲೇ ಗೊತ್ತಿತ್ತು. ಗುಡಿಸಲುಗಳಿಗಾಗಿ ಅದರ ಕೆಲವು ಹಾಳೆಗಳನ್ನಷ್ಟೇ ತರಿಸಿಕೊಂಡು ನೋಡಿದ್ದೆ. ಈಗ ರೈಲು ಹತ್ತಿ ಹೋಗಿ ಇಡೀ ಪುಸ್ತಕ ತಿರುವಿದೆ. ಹನ್ನೊಂದನೆಯ ಹಾಳೆಯಲ್ಲಿ ಆ ದಿಬ್ಬವಿತ್ತು. ಪಕ್ಕದಲ್ಲಿ ಅವನ ಇರುವೆ ಸಾಲಿನಂಥ ಅಕ್ಷರ: 'ಹೆಸರಿಲ್ಲದ ಮಕ್ಕಳನ್ನು ಹೂಳುವ ನೆಲ. ಬಿಳಿ ಕಲ್ಲುಗಳು. ಒಬ್ಬ ಹೆಂಗಸು ಮಧ್ಯಾಹ್ನವೆಲ್ಲ ಇಲ್ಲಿ ಕೂತಿದ್ದಳು. ನಾನು ಹತ್ತಿರ ಹೋಗಲಿಲ್ಲ.' ಅದರ ಕೆಳಗೆ, ಬೇರೆ ದಿನ ಬರೆದದ್ದಿರಬೇಕು: 'ಗುಡಿಸಲುಗಳನ್ನು ತೆಗೆಯಬೇಕೆಂದು ಕ್ರಾಂಪ್ಟನ್ನರ ಅಪ್ಪಣೆ. ಕುರಿಗಳು ಬಹಳ ಮುದ್ದಾಗಿವೆ ಎಂದರು. ನಾನು ಏನೂ ಹೇಳಲಿಲ್ಲ.'

ಅಂದರೆ ದೊರೆಯೂ ನಾನೂ ಒಂದೇ ಸಾಲಿನಲ್ಲಿ ನಿಂತ ಹಾಗಾಯಿತು! ಓದುವ ಕೋಣೆಯಲ್ಲಿ ಜೋರಾಗಿ ನಕ್ಕುಬಿಟ್ಟೆ, ಮೇಲ್ವಿಚಾರಕಿ ಕಣ್ಣು ಕೆಕ್ಕರಿಸಿದಳು. ನಗು ಹೇಗೆ ಅಳುವಾಯಿತೋ ನನಗೇ ಗೊತ್ತಾಗಲಿಲ್ಲ. ಲಾಫ್ಟ್‌ಹೌಸ್ ಅಂದು ಬಾಯಿ ಬಿಟ್ಟಿದ್ದರೆ ಆ ಕಲ್ಲುಗಳ ಮೇಲೂ ಮರ ಬಳಿಸುತ್ತಿದ್ದರು. ಆ ಬಡ ಚಿತ್ರಕಾರನಿಗೆ ನಾನು ಆ ಕುರ್ಚಿಯಲ್ಲೇ ಕೂತು ಮನಸಾರೆ ವಂದಿಸಿದೆ.

ಜಾಗ ಹುಡುಕುವುದು ಅಷ್ಟು ಕಷ್ಟವಾಗಲಿಲ್ಲ. ಚಿತ್ರದಲ್ಲಿ ಆ ದಿಬ್ಬದ ನೇರಕ್ಕೆ ಸರೋವರದ ನಡುವಿನ ದ್ವೀಪವೂ ಅದರ ಹಿಂದಿನ ಬೆಟ್ಟದ ಕಣಿವೆಯೂ ಒಂದೇ ಗೆರೆಯಲ್ಲಿವೆ. ಅವೆರಡೂ ಹಾಗೆ ಕೂಡಿ ಕಾಣುವ ಗೆರೆ ಬೆಟ್ಟದಲ್ಲಿ ಒಂದೇ. ಆ ಕಾಲದ ಭೂಪಟದಲ್ಲಿ ಅದೇ ಗೆರೆಯ ಮೇಲೆ ಒಂದು ಸಣ್ಣ ಉಂಗುರದ ಗುರುತಿತ್ತು, ಹೆಸರಿರಲಿಲ್ಲ. ತೊಡಕು ಬೇರೆಯೇ. 1968ರಲ್ಲಿ ಸರ್ಕಾರ ಆ ಬೆಟ್ಟಕ್ಕೆಲ್ಲ ಸ್ಪ್ರೂಸ್ ಮರ ನೆಡಿಸಿತ್ತು. ನೆಡುವುದೆಂದರೆ ನೆಲವನ್ನು ಉದ್ದಕ್ಕೂ ಸೀಳಿ ಕಾಲುವೆ ತೋಡುವುದು. ಸಣ್ಣ ಮೂಳೆಗಳ ನೆಲದಲ್ಲಿ ಆಮೇಲೆ ಏನು ಉಳಿದೀತು? ಇದನ್ನು ಮಿಸೆಸ್ ಕಿಲ್ಬೇನ್‌ಗೆ ಹೇಳುವ ಧೈರ್ಯ ನನಗಿರಲಿಲ್ಲ. ಅಲ್ಲಿನ ಅರಣ್ಯಾಧಿಕಾರಿ ಕಾರ್ಮಕ್ ಹೆಸ್ಟನ್‌ಗೆ ಭೂಪಟ ತೋರಿಸಿದೆ.

"ಇದಾ?" ಎಂದು ಅವನು ವಿಮಾನದಿಂದ ತೆಗೆದ ಒಂದು ಫೋಟೋ ಎಳೆದ. ಕಪ್ಪು ಹಸಿರು ಕಾಡಿನ ನಡುವೆ ಒಂದು ಬೋಳು ಜಾಗ, ತಟ್ಟೆಯ ಹಾಗೆ ದುಂಡಗೆ. "ಅಲ್ಲಿ ಗಿಡ ನೆಟ್ಟಿಲ್ಲ. ಅದು ಒಳ್ಳೆಯವರ ಜಾಗ ಅಲ್ವಾ."

ಯಾರ ಜಾಗ ಎಂದು ನಾನು ಕೇಳಲಿಲ್ಲ, ನಮ್ಮಲ್ಲಿ ಯಾರೂ ಕೇಳುವುದಿಲ್ಲ. ದಿಬ್ಬಗಳ ಮಣ್ಣಿನೊಳಗೆ ವಾಸಿಸುವ ಆ ಮಾಯಾವಿ ಮಂದಿಯ ನಿಜವಾದ ಹೆಸರೆತ್ತದೆ ಒಳ್ಳೆಯವರು ಎಂದೇ ಕರೆಯುತ್ತೇವೆ. ಅವರ ದಿಬ್ಬಕ್ಕೆ ಗುದ್ದಲಿ ತಾಗಿಸಿದರೆ ಕೇಡು ತಪ್ಪದು. ಇಂಜಿನಿಯರಿಂಗ್ ಓದಿದವರೂ ಅಂಥ ಕಡೆ ರಸ್ತೆಯನ್ನು ಬಳಸಿ ತೆಗೆದುಕೊಂಡು ಹೋಗುತ್ತಾರೆ, ಕೇಳಿದರೆ ಮಣ್ಣು ಸಡಿಲ ಎನ್ನುತ್ತಾರೆ. ಐವತ್ತೈದು ವರ್ಷ ಆ ಬೋಳು ಜಾಗದೊಳಗೆ ಒಬ್ಬರೂ ಇಣುಕಿರಲಿಲ್ಲ.

ಕಾರ್ಮಕ್ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಏರಿಯ ಹತ್ತಿರ ಬಂದವನು ಟೋಪಿ ತೆಗೆದು ನಿಂತುಬಿಟ್ಟ.

"ನೀವು ಹೋಗಿ. ನನಗೆ ಹೆಂಡ್ತಿ ಮಕ್ಕಳಿದಾರೆ."

"ನನಗೂ ಗಂಡ ಇದಾನೆ!"

"ಅವನನ್ನ ನೋಡಿದೀನಿ. ನೀವು ಹೋಗಬಹುದು."

ಒಳಗೆ ಹೋಗಿ, ಒಣಗಿದ ಜರಿಗಿಡಗಳನ್ನು ಕೈಯಿಂದ ಸರಿಸಿದೆ. ಬಿಳಿ ಕಲ್ಲು. ಪಕ್ಕದಲ್ಲಿ ಇನ್ನೊಂದು. ನಲವತ್ತರವರೆಗೆ ಎಣಿಸಿ ನಿಲ್ಲಿಸಿದೆ, ಕಣ್ಣು ಮಂಜಾಗಿತ್ತು. ಅವು ಯಾಕಿವೆಯೆಂದು ಹೊರಗೆ ಬಂದು ಕಾರ್ಮಕ್‌ಗೆ ಹೇಳಿದೆ. ಅವನು ಟೋಪಿಯನ್ನು ತಿರುಗಿಸುತ್ತಾ, "ನಮ್ಮಪ್ಪ ಇಲ್ಲೇ ಗಿಡ ನೆಟ್ಟವರು. ಅವರನ್ನ ಒಂದು ಮಾತು ಕೇಳ್ತೀನಿ," ಎಂದ.

ಮೇ ತಿಂಗಳ ಒಂದು ಒಣ ಬೆಳಗ್ಗೆ ಮಿಸೆಸ್ ಕಿಲ್ಬೇನ್‌ರನ್ನು ಅರಣ್ಯದ ಜೀಪಿನಲ್ಲಿ ಕೂರಿಸಿಕೊಂಡು ಹೊರಟೆವು. ಕಾರ್ಮಕ್ ಜರಿಗಿಡ ಸವರಿ ದಾರಿ ಮಾಡಿದ್ದ, ಅಡಿಗೆ ಮನೆಯ ಕುರ್ಚಿಯೊಂದನ್ನೂ ತಂದಿದ್ದ. ಅವರು ಚರ್ಚಿಗೆ ಹೋಗುವಾಗಿನ ನೀಲಿ ಕೋಟು ಹಾಕಿಕೊಂಡಿದ್ದರು. ನನ್ನ ಕೈ ಹಿಡಿದು ಏರಿ ದಾಟಿ, ಒಳಗೆ ನಿಂತು, ಒಂದೊಂದೇ ಕಲ್ಲನ್ನು ನೋಡುತ್ತಾ ಹೋದರು.

"ಎಷ್ಟೊಂದು ಮಕ್ಕಳು," ಎಂದರು. "ಇಷ್ಟೊಂದು ತಾಯಂದಿರು."

"ಅವಳು ಒಂಟಿಯಾಗಿರಲಿಲ್ಲ ಮಿಸೆಸ್ ಕಿಲ್ಬೇನ್."

ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ನಾನು ನಿರೀಕ್ಷಿಸಿದ್ದ ಸಮಾಧಾನ ಇರಲಿಲ್ಲ. "ಇಲ್ಲೇ ತಂದ ಅಂತ ಏನು ಖಾತ್ರಿ ಮಗಳೇ? ಕಲ್ಲಿನ ಮೇಲೆ ಹೆಸರಿದೆಯಾ? ಮನೆಯಿಂದ ಇಲ್ಲಿಗೆ ಎರಡು ಮೈಲಿ ಏರು. ಅವತ್ತು ಮಳೆ ಬೇರೆ. ಅರ್ಧ ದಾರೀಲಿ ಎಲ್ಲಾದ್ರೂ..."

ಬಣ್ಣದ ಕೆಳಗಾಗಲಿ ಭೂಪಟದಲ್ಲಾಗಲಿ ಅದಕ್ಕೆ ಉತ್ತರವಿಲ್ಲ. ಇಷ್ಟು ದೂರ ಕರೆತಂದು ಅವರನ್ನು ಮೊದಲಿದ್ದಲ್ಲೇ ಬಿಟ್ಟಿದ್ದೆ.

"ಮಿಸೆಸ್ ಕಿಲ್ಬೇನ್," ಎಂದ ಕಾರ್ಮಕ್. ಅವನು ಏರಿ ದಾಟಿ ಒಳಗೆ ಬಂದಿದ್ದ. "ನಮ್ಮಪ್ಪ ಒಂದು ವಿಷಯ ಹೇಳಿದ್ರು. ಇಲ್ಲಿ ಗಿಡ ನೆಡುವಾಗ ನಿಮ್ಮ ಯಜಮಾನರೂ ಆ ಗುಂಪಲ್ಲಿ ಕೂಲಿಗಿದ್ರಂತೆ."

"ಇದ್ದ. ಆ ಒಂದು ಚಳಿಗಾಲ. ಅದಕ್ಕೇನು?"

"ಮೇಸ್ತ್ರಿ ಹೊರಗಿನವನು, ಟಿಪ್ಪರರಿ ಕಡೆಯವನು. ಸಾಲು ನೆಟ್ಟಗೆ ಬರಬೇಕು, ದಿಬ್ಬ ಗಿಬ್ಬ ನೋಡಬೇಡಿ, ಸೀಳ್ರಿ ಅಂದನಂತೆ. ಮ್ಯಾಟಿ ಇಲ್ಲಿಗೆ ಬಂದು ನಡು ಮಧ್ಯ ಕೂತುಬಿಟ್ರಂತೆ. ಇದು ಒಳ್ಳೆಯವರ ಜಾಗ, ಇಲ್ಲಿ ಗುದ್ದಲಿ ಹಾಕಿದವನ ಕೈ ಸೇದಿಹೋಗುತ್ತೆ ಅಂತ. ಮೇಸ್ತ್ರಿ ನಕ್ಕ. ಇವರು ಏಳಲಿಲ್ಲ. ಸಂಜೆವರೆಗೂ ಕತೆ ಮೇಲೆ ಕತೆ ಹೇಳಿದ್ರಂತೆ, ಬಾಯಿ ಸೊಟ್ಟ ಆದವನು, ಹಸು ಬತ್ತಿಹೋದವನು, ಮಾರನೇ ದಿನವೇ ಸತ್ತವನು. ಕೇಳಿ ಕೇಳಿ ಇದ್ದ ಹನ್ನೆರಡು ಆಳುಗಳೂ ಗುದ್ದಲಿ ಕೆಳಗಿಟ್ಟರು. ಕೊನೆಗೆ ಮೇಸ್ತ್ರಿಗೇ ಹೆದರಿಕೆ ಆಗಿ, ಸುತ್ತು ಹಾಕಿ ನೆಡಿ ಅಂದ. ಮ್ಯಾಟಿಯಷ್ಟು ಒಳ್ಳೆಯವರಿಗೆ ಹೆದರೋ ಮನುಷ್ಯನ್ನ ನಾನು ಕಂಡಿಲ್ಲ ಅಂತಾರೆ ನಮ್ಮಪ್ಪ."

"ಮ್ಯಾಟಿ?" ಎಂದರು ಅವರು. "ಮ್ಯಾಟಿ ಕಿಲ್ಬೇನ್?"

"ಹೌದು."

"ಒಳ್ಳೆಯವರಿಗೆ ಹೆದರಿದ್ನಾ?" ಅವರ ದನಿ ಏರಿತು. "ನಮ್ಮ ಹೊಲದಲ್ಲಿದ್ದ ಒಳ್ಳೆಯವರ ಮುಳ್ಳುಮರಾನ ಕಡಿದು ಗೇಟಿಗೆ ಗೂಟ ಮಾಡಿದ ಗಂಡಸು ಅವನು! ಪಾಪ, ನಮ್ಮತ್ತೆ ಮೂರು ದಿನ ಅತ್ತರು. ಒಳ್ಳೆಯವರು ಇದ್ರೆ ಬಂದು ಗೇಟು ಎತ್ತಿ ಹಿಡ್ಕೊಳ್ಳಲಿ ಅಂತಿದ್ದ! ಅವನಿಗೆ ದೆವ್ವಾನೂ ಇಲ್ಲ, ಭೂತಾನೂ ಇಲ್ಲ. ಅವನು ಯಾಕೆ..."

ಅವರು ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಕಾರ್ಮಕ್ ನೆಲ ನೋಡುತ್ತಿದ್ದ. ತಿಂಗಳುಗಟ್ಟಲೆ ನಾನು ಬೈದ ಮನುಷ್ಯ ಒಂದು ಹಗಲಿಡೀ ಇಲ್ಲಿ ಕೂತು, ಮಗಳ ಮೇಲೆ ಗುದ್ದಲಿ ಬೀಳದಂತೆ ಬಾಯಿಗೆ ಬಂದ ಸುಳ್ಳನ್ನೆಲ್ಲ ಹೇಳಿದ್ದ.

"ಅವಳಿಗೆ ನಾನೊಂದು ಹೆಸರಿಟ್ಟಿದ್ದೆ," ಎಂದರು ಅವರು. "ಯಾರಿಗೂ ಹೇಳಿರಲಿಲ್ಲ, ಅವನಿಗೂ. ಸೀಲಿಯಾ ಅಂತ." ಆಮೇಲೆ ಬಗ್ಗಿ, ಯಾವ ಕಲ್ಲಿಗೂ ಅಲ್ಲ, ಎಲ್ಲ ಕಲ್ಲುಗಳಿಗೂ ಕೇಳುವ ಹಾಗೆ ಜೋರಾಗಿ ಕರೆದರು. "ಸೀಲಿಯಾ! ನಿಮ್ಮಮ್ಮ ಬಂದಿದೀನಿ ಕಣೇ."

ನಾವಿಬ್ಬರೂ ಏರಿಯಾಚೆ ಹೋಗಿ ಕಾದೆವು. ಅವರು ಏನು ಮಾತಾಡಿದರೋ ನಮಗೆ ಬೇಡವಾದ ವಿಷಯ.

ಕೆಳಗಿಳಿದು ಬರುವಾಗ ಚರ್ಚಿನ ಗೇಟಿನ ಹತ್ತಿರ ಜೀಪು ನಿಲ್ಲಿಸು ಎಂದರು. ನಾನು ಕೈ ಕೊಡಲು ಹೋದರೆ ಬೇಡವೆಂದು ಕೋಲೂರಿಕೊಂಡು ಒಬ್ಬರೇ ಸಮಾಧಿಗಳ ನಡುವೆ ಹೋದರು. ದಾರಿ ಮರೆತಿರಲಿಲ್ಲ. ಮ್ಯಾಟಿಯ ಕಲ್ಲಿನ ಮುಂದೆ ನಿಂತು ಕೋಲನ್ನು ಎತ್ತಿ ಎತ್ತಿ ಏನೋ ಹೇಳುತ್ತಿದ್ದರು. ಆಮೇಲೆ ಕೋಲು ಕೆಳಗಿಳಿಯಿತು. ಕಲ್ಲಿನ ಮೇಲೆ ಕೈಯಿಟ್ಟು ನಿಂತರು. ಅರ್ಧ ಗಂಟೆ ಕಳೆದು ವಾಪಸು ಬಂದು, ಉಸಿರು ಬಿಡುತ್ತಾ ಜೀಪು ಹತ್ತಿ, ಕೋಟು ಸರಿಮಾಡಿಕೊಂಡರು.

"ಎಲ್ಲಾ ಸರಿ ಆಯ್ತಾ ಮಿಸೆಸ್ ಕಿಲ್ಬೇನ್?" ಎಂದು ಕೇಳಿದೆ.

"ಮೊದಲು ಚೆನ್ನಾಗಿ ಬೈದೆ," ಎಂದರು. "ಬಾಯಿಬಿಟ್ಟು ಒಂದು ಮಾತು ನನಗೆ ಹೇಳಬಾರದಿತ್ತಾ ಅಂತ. ಆಮೇಲೆ ಥ್ಯಾಂಕ್ಸ್ ಹೇಳ್ದೆ."